ತೇಮಾನು

ಅಪ್ಪ ಅಕ್ಕಸಾಲಿ. ಅಂಗಡಿಯ ಕಸವನ್ನೂ ಬಿಸಾಡುತ್ತಿರಲಿಲ್ಲ.
ಅರ ಉಜ್ಜಿ ಉದುರಿದ್ದು, ಉಸಿರಿಗೆ ಹಾರಿದ್ದು,
ಎಲ್ಲ ಗುಡಿಸಿ ಡಬ್ಬಿಗೆ ಹಾಕಿ
ವರ್ಷಕ್ಕೊಮ್ಮೆ ಜಾಲಗಾರರಿಗೆ ಮಾರುತ್ತಿದ್ದ.
ಕೈಗೆ ಸಿಗದ ಚಿನ್ನಕ್ಕೆ ಅವನಲ್ಲೊಂದು ಹೆಸರಿತ್ತು, ತೇಮಾನು.

ನಾನು ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ.
ಬಂದದ್ದಕ್ಕೆ ಒಂದು ಕಾಲಂ, ಹೋದದ್ದಕ್ಕೆ ಒಂದು,
ಹಣಕ್ಕೆ ಒಂದು.
ನಡುವೆ ಇಲ್ಲವಾದದ್ದಕ್ಕೆ ಜಾಗವಿಲ್ಲ.

ದುದ್ದದ ದ್ಯಾವೀರಯ್ಯನ ಚೀಲ, ಐವತ್ತು ಕೆಜಿ.
ಹೊಲದಲ್ಲಿ ಐವತ್ತೈದಿತ್ತು ಕಣವ್ವ, ಅನ್ನುತ್ತಾನೆ.
ಕುಳ ತಾಗಿ ಸೀಳಿದ್ದು ಬದುವಿನ ಮೇಲೇ ಉಳಿಯಿತಂತೆ,
ಎಮ್ಮೆ ಮೂಸಿ ನೋಡಿ ಮುಂದೆ ಹೋಯಿತಂತೆ.
ಆ ಐದಕ್ಕೂ ಜಲಂಧರದ ಬೀಜ ಬಿದ್ದಿತ್ತು,
ಅಂಗಮಾರಿಗೆಂದು ಏಳು ಸಲ ಔಷಧಿ ಬಿದ್ದಿತ್ತು.

ಸಣ್ಣತಾಯಮ್ಮ ಸುರಿದು ಆರಿಸುತ್ತಾಳೆ:
ಹಸಿರು ತಿರುಗಿದ್ದು ಅತ್ತ, ಗೋಲಿ ಇತ್ತ.
ಕೊಳೆತದ್ದನ್ನು ಮೂಗು ಮೊದಲು ಹಿಡಿಯುತ್ತದೆ,
ಕೈ ಆಮೇಲೆ.
ಮೂರು ಕೆಜಿ ಆಚೆ ಬಿತ್ತು.
‘ಒಂದು ಗಡ್ಡೆ ಸಾಕು ಬಿಡು, ಚೀಲಾನೇ ಕೆಡಿಸ್ತದೆ’
ಎಂದು ಬೆರಳನ್ನು ಗೋಣಿಗೆ ಒರೆಸಿದಳು.
ಊಟದ ಹೊತ್ತಿಗೂ ಆ ವಾಸನೆ ಅವಳ ಜೊತೆಗೇ ಕೂರುತ್ತದೆ.

ಆ ವಾರ ದೋಣಿಗಲ್ಲಿನಲ್ಲಿ ಗುಡ್ಡ ಜರಿಯಿತು.
ಸಕಲೇಶಪುರದ ಆಚೆ ಸಾಲುಗಟ್ಟಿ ಲಾರಿ, ಎರಡು ಹಗಲು ಎರಡು ರಾತ್ರಿ.
ಹಂಝ ಫೋನು ಮಾಡಿದ:
‘ಅಕ್ಕಾ, ಮೇಲೆ ಮಳೆ ಉಂಟು,
ಟಾರ್ಪಾಲಿನ ಒಳಗೆ ಮಾತ್ರ ಹಬೆ ಏಳ್ತಾ ಉಂಟು.
ನಡುವಿನ ಚೀಲಗಳು ಬೇಯ್ತಾ ಇದ್ದಾವೆ,
ಉಪ್ಪೊಂದು ಹಾಕ್ಲಿಕ್ಕೆ ಬಾಕಿ.’
ನಕ್ಕೆ. ಅವನು ನಗಲಿಲ್ಲ.

ಮಂಗಳೂರಿನವರು ನಲವತ್ತೊಂದಕ್ಕೆ ದುಡ್ಡು ಕೊಟ್ಟರು.
ಉಳಿದ ಆರು ಬಂದರಿನ ಚರಂಡಿಗೆ.
ನಾನು ರಾತ್ರಿ ಕೂತು ಕೂಡಿಸಿದೆ:
ಹಮಾಲಿ ಎತ್ತಿದ್ದು ಅವನ್ನೂ,
ಡೀಸೆಲ್ ಎಳೆದದ್ದು ಅವನ್ನೂ,
ಕಾಟಾ, ಸೆಸ್ಸು, ಗೋಣಿ, ಹುರಿ.
ಕೊಳೆತದ್ದು ಬಿಟ್ಟಿ ಪ್ರಯಾಣ ಮಾಡಲಿಲ್ಲ,
ಪೂರ್ತಿ ಟಿಕೆಟ್ಟು ತೆಗೆಸಿಕೊಂಡೇ ಹೋಯಿತು.
ಆ ಟಿಕೆಟ್ಟಿನ ಕಾಸು
ನಲವತ್ತೊಂದರ ಬೆನ್ನ ಮೇಲೆ ಕೂತಿತು,
ಅಲ್ಲೆಲ್ಲೋ ಒಬ್ಬಾಕೆ ಅರ್ಧ ಕೆಜಿ ತೂಗಿಸಿ
‘ಇಷ್ಟು ರೇಟಾ?’ ಎಂದಾಗ
ಅಂಗಡಿಯವನಿಗೂ ಕಾರಣ ಗೊತ್ತಿರಲಿಲ್ಲ.

ಆಮೇಲೆ ರುದ್ರೇಶಣ್ಣನ ತಂಗಿ ಮಗಳ ಮದುವೆ.
ಸಾವಿರದ ಇನ್ನೂರು ಎಲೆಗೆ ಹೇಳಿದ್ದು, ಬಂದದ್ದು ಎಂಟುನೂರು.
ಪಲ್ಯದ ಕೊಳಗ ತುಂಬಿದ್ದು ತುಂಬಿದಂತೇ ಇತ್ತು.
ಸುಲಿದ ಕೈ, ಹೆಚ್ಚಿದ ಕೈ, ಎಣ್ಣೆ, ಸಾಸಿವೆ,
ಸಿಲಿಂಡರಿನ ನೀಲಿ ಉರಿ,
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಕೂತ ಪಲ್ಯ.
ಬದುವಿನ ಮೇಲೆ ಕೊಳೆತ ಗಡ್ಡೆ ಎಷ್ಟು ಅಗ್ಗ!
ಬಾಯಿಗೆ ಗೇಣು ದೂರದಲ್ಲಿ ನಿಂತು ಹಾಳಾಗುವುದೇ
ಎಲ್ಲಕ್ಕಿಂತ ದುಬಾರಿ.

ಈ ಲೆಕ್ಕ ಹಾಕುತ್ತ ಹಾಕುತ್ತ
ಬಡಿಸುವ ಹುಡುಗನಿಗೆ ಬೇಡ ಅನ್ನುವುದು ಮರೆತೆ.
ಎರಡನೇ ಸೌಟು ಬಿತ್ತು.
ಹೊಟ್ಟೆ ತುಂಬಿತ್ತು. ಎಲೆ ಮಡಿಸಿದೆ.
ಒಳಗಿನ ಬಿಸಿ ಎಲೆಯಾಚೆಗೂ ಅಂಗೈಗೆ ತಾಗಿತು.

ಬೆಳಿಗ್ಗೆ ಪುಸ್ತಕದಲ್ಲಿ ನಾಲ್ಕನೇ ಗೆರೆ ಎಳೆದೆ.
‘ಇದೇನಮ್ಮ ಹೊಸದು?’
ತೇಮಾನು, ಅಂದೆ.
‘ಗಡ್ಡೆಗಾ! ಬಂಗಾರಾನಾ ಇದು?’
ರುದ್ರೇಶಣ್ಣ ನಕ್ಕು ಟೀ ಹೇಳಲು ಹೋದರು.

ಮೊದಲು ನನ್ನದೇ ಬರೆದೆ: ಪಲ್ಯ, ಒಂದು ಸೌಟು.
ದರ ಎಷ್ಟೆಂದು ಹಾಕಲಿ?
ಹೊಲದ್ದೋ, ಮಂಡಿಯದ್ದೋ, ಎಲೆಯದ್ದೋ?
ಪೆನ್ನು ಹಿಡಿದು ಕೂತೇ ಇದ್ದೆ.
ಹೊರಗೆ ಕಾಟಾದ ಮೇಲೆ
ದುದ್ದದ ಗಾಡಿ ಬಂದು ನಿಂತು
ಹಾರ್ನು ಒತ್ತುತ್ತಿತ್ತು.