ಹದಿನೇಳನೇ ಗೂಟ

ನುಗ್ಗೇಹಳ್ಳಿ ದಾಟಿ ಮೂರು ಮೈಲಿ, ಕಪ್ಪು ಕಲ್ಲುಪುಡಿಯ ದಿಣ್ಣೆ.
ಕ್ರೋಮಿನ ಗಣಿ ಮುಚ್ಚಿ ನಲವತ್ತೊಂದು ವರ್ಷ.
ಅಂಗನವಾಡಿ ಕಟ್ಟುವ ಮೊದಲು
ಹಳೆಯ ಗುಂಡಿ ಎಲ್ಲಿದೆ ನೋಡಿ ಹೇಳಿ ಎಂದು
ಪಂಚಾಯಿತಿಯವರು ನಮ್ಮನ್ನು ಕರೆಸಿದ್ದರು.

ಎರಡೆರಡು ಮೀಟರಿಗೊಂದು ಉಕ್ಕಿನ ಗೂಟ, ಒಟ್ಟು ಇಪ್ಪತ್ತನಾಲ್ಕು.
ಇಮ್ತಿಯಾಜ್ ಸುತ್ತಿಗೆ ಬಡಿಯುತ್ತಾನೆ,
ನಾನು ಬುಡಬುಡಕ್ಕೂ ಒಂದು ಚೊಂಬು ಉಪ್ಪುನೀರು ಹೊಯ್ಯುತ್ತೇನೆ.
ಬೇಸಗೆಯ ಮಣ್ಣು ಸುಮ್ಮನೆ ಬಾಯಿ ಬಿಡುವುದಿಲ್ಲ.
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ,
ಕುಡಿದ ಮೇಲೆ ಒಂದೆರಡು ಮಾತಾದರೂ ಆಡಬೇಕು.

ನೋಡಲು ಬಂದವರಲ್ಲಿ ಬಿಳಿಗಿರಯ್ಯ ಒಬ್ಬ,
ಬ್ಯಾಟರಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.
"ಹುಣಸೇಮರದ ಬುಡದಲ್ಲೈತೆ ಗುಂಡಿ. ಇಳ್ದಿದ್ದವನು ನಾನು.
ಈ ಪೆಟ್ಗೆ ಇಳ್ದಿತ್ತಾ?"

ಇಳಿದಿರಲಿಲ್ಲ. ಪೆಟ್ಟಿಗೆ ಕೇಳುವುದು ಒಂದೇ ಪ್ರಶ್ನೆ:
ಇಷ್ಟು ಕರೆಂಟು ಕೊಟ್ಟರೆ ಎಷ್ಟು ತಡೆಯುತ್ತೀಯ?
ಒದ್ದೆ ಜೇಡಿ ಎಲ್ಲವನ್ನೂ ದಾಟಿಸಿಬಿಡುತ್ತದೆ, ಚಾಡಿಕೋರನ ಹಾಗೆ.
ಬಂಡೆಗೆ ಬಿಗುಮಾನ.
ಎಲ್ಲಕ್ಕಿಂತ ಹೆಚ್ಚು ತಡೆಯುವುದು
ಏನೂ ಇಲ್ಲದ ಜಾಗ.

ಆದರೆ ತಲೆಯ ಮೇಲೆ ಪಂಪುಸೆಟ್ಟಿನ ಲೈನು ಗುಂಯ್‌ಗುಡುತ್ತಿತ್ತು,
ಅಂಕಿಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ.
ಎರಡು ಗಂಟೆಗೆ ತ್ರೀ ಫೇಸ್ ಹೋಗುತ್ತದೆ ಎಂದರು.
ಕರೆಂಟು ಹೋಗಲಪ್ಪಾ ದೇವರೇ ಎಂದು ಕಾದವರು
ಈ ತಾಲ್ಲೂಕಿನಲ್ಲಿ ನಾವಿಬ್ಬರೇ ಇರಬೇಕು.
ಬಿಳಿಗಿರಯ್ಯ ಅರ್ಧ ಬೀಡಿ ಸೇದಿ
ಉಳಿದರ್ಧ ಕಿವಿಗೆ ಸಿಕ್ಕಿಸಿ ಹೇಳಿದ:

ಗಣಿ ಮುಚ್ಚಿದ ವಾರ ಒಂದು ಟ್ರಾಲಿ ಲೆಕ್ಕಕ್ಕೆ ಸಿಗಲಿಲ್ಲ.
ಗುಜರಿಗೆ ಮಾರ್ಕಂಡ ಅಂತ ಬರೆದರು.
ಕೊನೇ ತಿಂಗಳ ಬಟವಾಡೆ ಹೋಯ್ತು.
ಊರಲ್ಲಿ ಇವತ್ತಿಗೂ ನಾನು ಟ್ರಾಲಿ ಗಿರಯ್ಯ.
ಮೊಮ್ಮಗಳಿಗೆ ಹೆಸರು ಗೊತ್ತು, ಯಾಕೆ ಅಂತ ಗೊತ್ತಿಲ್ಲ.

ಎರಡು ಹತ್ತಕ್ಕೆ ತಂತಿ ಸುಮ್ಮನಾಯಿತು.
ಹುಣಸೇಮರದ ಬುಡ: ಗಟ್ಟಿ, ನಿರಪರಾಧಿ.
ಹದಿನೇಳನೇ ಗೂಟದ ಕೆಳಗೆ ಅಂಕಿ ಜಿಗಿದು
ಮತ್ತೆ ಇಳಿಯಲಿಲ್ಲ.

ಸುರುಳಿ ಹೊತ್ತು ಇನ್ನೊಮ್ಮೆ ನಡೆದೆ,
ಬಳೆ ಬಿಚ್ಚಿ, ಫೋನು ಬೀಗದಕೈ ಇಮ್ತಿಯಾಜ್ ವಶಕ್ಕೆ ಕೊಟ್ಟು.
ನೆಲದೊಳಗಿನ ಕಬ್ಬಿಣ, ನನ್ನ ಸೊಂಟದ ಕಬ್ಬಿಣ,
ಅದಕ್ಕೆ ಎರಡೂ ಒಂದೇ.
ಹದಿನೇಳರ ಹತ್ತಿರ ಕಿರುಚಿಕೊಂಡಿತು.

"ಏನೈತೆ ಅಲ್ಲಿ?"
ಲೋಹ, ಎಂದೆ.
"ಟ್ರಾಲಿ ಅನ್ನಿ."
ಲೋಹ ಅನ್ನಬಹುದು. ಮೂರೋ ನಾಲ್ಕೋ ಮೀಟರ್ ಆಳ ಅನ್ನಬಹುದು.
ಕಂಬಿ ಇರಬಹುದು, ತುಕ್ಕು ಹಿಡಿದ ಡ್ರಮ್ಮಿರಬಹುದು,
ಒಂದೇ ಗೆರೆಗೆ ಹತ್ತು ನೆಲ ಹೊಂದಿಕೊಳ್ಳುತ್ತವೆ, ನಮ್ಮ ಕಸುಬೇ ಹಾಗೆ.
ಎಲ್ಲ ಹೇಳಿದೆ.
ಅವನು ತಲೆಯಾಡಿಸಿದ,
ಮಕ್ಕಳು ಕತೆ ಹೇಳುವಾಗ ಆಡಿಸುವಂತೆ.

ವರದಿಯಲ್ಲಿ ಬರೆದೆ: ಪೊಳ್ಳು ಇದೆ. ಜೊತೆಗೆ ಲೋಹದ ವಸ್ತು. ಕಟ್ಟಡ ಬೇಡ.
ಬಟವಾಡೆಗೆ ನಮ್ಮ ಫಾರಮ್ಮಿನಲ್ಲಿ ಕಾಲಂ ಇಲ್ಲ.

ಗೂಟ ಕಿತ್ತಾಗ ತೂತಿನ ಸುತ್ತ
ಉಪ್ಪಿನ ಬಿಳಿ ಉಂಗುರ ಉಳಿದಿತ್ತು.

ವಾರದ ಮೇಲೆ ಪಂಚಾಯಿತಿಗೆ ಬಂದ, ನಕ್ಷೆಯ ಒಂದು ಪ್ರತಿ ಬೇಕಂತೆ.
ನೀಲಿ, ಹಳದಿ, ಹದಿನೇಳರ ಕೆಳಗೆ ಬೊಟ್ಟಿನಷ್ಟು ಕಡುಗೆಂಪು.
ತಿರುಗಿಸಿ ಮುರುಗಿಸಿ ನೋಡಿದ.
"ಮೇಡಮ್ಮೋರೆ, ಇದ್ರಲ್ಲಿ ಮೇಲು ಯಾವ್ದು?"
ತೋರಿಸಿದೆ.
ಮಡಿಸಿ ಅಂಗಿಯ ಜೇಬಿಗಿಟ್ಟ,
ಮೇಲು ಮೇಲಕ್ಕೇ ಇರುವಂತೆ.