ಏಳನೆಯ ಪುಟ

ಬಂದರಿನ ಓಣಿಯಲ್ಲಿ, ಹಂಚಿನ ಗೋದಾಮಿನ ಪಕ್ಕ
ಎಂಟಡಿ ಅಗಲದ ನನ್ನ ಅಂಗಡಿ.
ಒಂದು ಕಂಪ್ಯೂಟರು, ಕೆಮ್ಮುವ ಒಂದು ಪ್ರಿಂಟರು,
ಗಿರಾಕಿಗೆ ಒಂದು ಸ್ಟೂಲು.
ಆ ದಿನ ಬಂದವರು ನಾಲ್ವರು.

ಒಣಮೀನು ಮಾರುವ ಹೆಂಗಸರ ಸಂಘ.
ಹತ್ತು ವರ್ಷದ ವರದಿ ಸೋಮವಾರಕ್ಕೆ ಬೇಕು.
ಸಾಲ ಪಡೆದವರ ಹೆಸರು, ತೀರಿಸಿದವರ ಹೆಸರು
ಎರಡೂ ಪಟ್ಟಿ ಒಂದೇ ಆದ್ದರಿಂದ
ಒಮ್ಮೆ ಟೈಪು ಮಾಡಿ ಎರಡು ಸಲ ಅಂಟಿಸಿದ್ದೆ.
ಉಳಿದದ್ದು ಏಳನೆಯ ಪುಟ,
ಎಲ್ಲರೂ ಇರುವ ಫೋಟೋ.

ಕಲ್ಯಾಣಿಯಕ್ಕ ಸೆರಗಿನಲ್ಲಿ ಮೊಬೈಲು ಒರೆಸಿ ಕೊಟ್ಟರು.
ಹರಾಜುಕಟ್ಟೆ ಹತ್ತಿ ಅವರ ಮೊಮ್ಮಗ ತೆಗೆದದ್ದು.
ಇಪ್ಪತ್ತೇಳು ಜನ ಒಂದೇ ಸಾಲು,
ದಕ್ಕೆಯ ಗೋಡೆಯಷ್ಟು ಉದ್ದ.
ಪುಟವೋ, ನೆಟ್ಟಗೆ ನಿಂತ ಪುಟ.

ಮೂಲೆ ಹಿಡಿದು ಕುಗ್ಗಿಸಿ ಒಳಗೆ ತಂದೆ.
ಹಿಡಿಯಿತು ನಿಜ, ಆದರೆ ಮುಖಗಳೆಲ್ಲ
ಎಟ್ಟಿಯ ಕಣ್ಣಿನಷ್ಟಾದವು.
"ಇದರಲ್ಲಿ ನಾನು ಯಾವುದು?"
ಗುಲಾಬಿ ಪರದೆಗೆ ಮೂಗು ತಾಗಿಸಿದರು.

ಸರಪಳಿಯ ಗುರುತು ಬಿಚ್ಚಿ
ಮೇಲಕ್ಕೆ ಜಗ್ಗಿದೆ.
ಎಲ್ಲರೂ ನೀಳ, ಎಲ್ಲರೂ ಸಣಕಲು.
"ಅಯ್ಯೋ ದೇವರೇ, ನಾವೆಲ್ಲ ಕಾಣೆ!"
ಅಡ್ಡಕ್ಕೆ ಜಗ್ಗಿದೆ.
"ಈಗ ನಂಗು, ಈಗ ನಂಗು!"
ನಗುವಿಗೆ ಸ್ಟೂಲಿನ ಕಾಲು ಅಲುಗಿತು.
ಗುಲಾಬಿ ಮಾತ್ರ ಮೆಲ್ಲಗೆ,
"ಆ ಕಾಣೆಯದ್ದೇ ಇರಲಿ. ಸೊಂಟ ಚೆಂದ ಬಂದಿದೆ."

ಹಾಗಾದರೆ ಕತ್ತರಿಸುವ, ಅಂದೆ.
ಎಡಗಡೆ ಐಸಿನ ಪೆಟ್ಟಿಗೆ, ಅರ್ಧ ನಾಯಿ.
"ನಾಯಿ ಹೋಗಲಿ, ಅದು ಸಂಘದ್ದಲ್ಲ."
ಬಲಗಡೆ ಒಂದು ಖಾಲಿ ಬುಟ್ಟಿ.
ಗೆರೆಯನ್ನು ಬುಟ್ಟಿಯಿಂದ ಈಚೆಗೆ ತರುವಾಗ
ನಾಲ್ವರೂ ಒಮ್ಮೆಲೇ ಸುಮ್ಮನಾದರು.

"ಅದನ್ನು ತೆಗೆಯಬೇಡ. ಅದು ಶೇಸಿ."

ಜಾಗ ನೋಡಿಕೊಳ್ಳಿ ಎಂದು ಬುಟ್ಟಿ ಇಟ್ಟು
ಶೇಸಿ ಚಾ ಕುಡಿಯಲು ಹೋಗಿದ್ದಳಂತೆ.
ಹೋಟೆಲಿನಲ್ಲಿ ಹಾಲು ಕಾಯಲಿಲ್ಲ,
ಇಲ್ಲಿ ಹುಡುಗನಿಗೆ ಶಾಲೆಯ ಬಸ್ಸು ಬಂತು.
ಇನ್ನೊಮ್ಮೆ ತೆಗೆಯಬಹುದಿತ್ತಲ್ಲ, ಎಂದೆ.
"ಇಪ್ಪತ್ತೆಂಟು ಜನ ಪುನಃ ಒಟ್ಟಿಗೆ ನಿಲ್ಲುವುದು ಯಾವಾಗ ಮಾರಾಯ್ತಿ?
ಬೋಟು ನಮಗಾಗಿ ಕಾಯುತ್ತದಾ?"

ಪಟ್ಟಿ ನೋಡಿದೆ. ಹೌದು, ಇಪ್ಪತ್ತೆಂಟು.

ಮಧ್ಯಕ್ಕೆ ತುಂಡು ಮಾಡಿ
ಎರಡು ಸಾಲು ಮಾಡಲಾ?
"ಆಗ ಮೇಲೆ ಯಾರು, ಕೆಳಗೆ ಯಾರು?
ಆ ಜಗಳ ನಿನ್ನ ಅಂಗಡಿಗೆ ಬೇಡ."

ಅಷ್ಟು ಹೊತ್ತು ಬಾಯಿ ಬಿಡದೆ
ಬಾಗಿಲಿಗೆ ಒರಗಿದ್ದ ಮುತ್ತಕ್ಕ,
ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುವವರು,
ಪ್ರಿಂಟರಿನ ತಟ್ಟೆಯಿಂದ ಬಿಳಿ ಹಾಳೆಯೊಂದನ್ನು ಎತ್ತಿ
ಮೇಜಿನ ಮೇಲೆ ಅಡ್ಡ ಮಲಗಿಸಿ
ಅಂಗೈಯಲ್ಲಿ ಸವರಿದರು.
"ಇದನ್ನು ಹೀಗೆ ಇಟ್ಟರೆ?"

ಹನ್ನೆರಡು ವರ್ಷದಿಂದ ಮೌಸು ಹಿಡಿದವಳು ನಾನು.
ಎಷ್ಟು ಮದುವೆ, ಎಷ್ಟು ಬೊಜ್ಜ,
ಎಷ್ಟು ಮಂದಿಯನ್ನು ಹಿಂಡಿ ಚೌಕಕ್ಕೆ ತುರುಕಿದ್ದೆ.

"ಓದುವವರು ಪುಸ್ತಕ ತಿರುಗಿಸಬೇಕಾಗುತ್ತದೆ" ಎಂದೆ, ಸೋಲದೆ.
"ತಿರುಗಿಸಲಿ. ಆಫೀಸಿನವರಿಗೂ ಕೈ ಉಂಟಲ್ಲ."

ಅಡ್ಡ ಪುಟದಲ್ಲಿ ಕಣ್ಣು ಕಣ್ಣಾಯಿತು, ಮೂಗು ಮೂಗಾಯಿತು,
ಗುಲಾಬಿಯ ಸೊಂಟ ಗುಲಾಬಿಯದ್ದೇ ಆಯಿತು.
ಕೆಳಗೆ ಎಡದಿಂದ ಬಲಕ್ಕೆ ಹೆಸರು ಹೊಡೆಯುತ್ತ ಹೋಗಿ
ಬುಟ್ಟಿಯ ಅಡಿಯಲ್ಲಿ ಬರೆದೆ:
ಶೇಸಿ ಪುತ್ರನ್.

ಅವರು ಹೋದರು.
ಪರದೆಯ ಮೇಲೆ ಗುಲಾಬಿಯ ಮೂಗಿನ ಗುರುತು ಹಾಗೇ ಇತ್ತು.
ಪಾಸ್‌ಪೋರ್ಟ್ ಫೋಟೋದ ಹುಡುಗನೊಬ್ಬ
ಕೂದಲು ಬಾಚುತ್ತ ಸ್ಟೂಲಿನಲ್ಲಿ ಕೂತ.
ನೇರ ನೋಡು, ಎಂದೆ.
ಕಿವಿ ಎರಡೂ ಕಾಣಬೇಕು.