ಮಂಗಳವಾರಕ್ಕೆ ಯಾರು

ಅರ್ಜಿಯ ನಾಲ್ಕನೇ ಪುಟದಲ್ಲೊಂದು ಪ್ರಶ್ನೆ:
ಯಾಕೆ ಬರಬಯಸುತ್ತೀರಿ? ಮುನ್ನೂರು ಪದ ಮೀರದಂತೆ.
ಮೂರು ರಾತ್ರಿ ಕಳೆದವು, ಬರೆದದ್ದು ಒಂದೇ ಪದ,
ಸೇವೆ.
ಅದನ್ನೂ ಹೊಡೆದು ಹಾಕಿದೆ.

ಜಾಂಬಿಯಾ. ಎರಡು ವರ್ಷ. ಊಟ, ಕೋಣೆ, ಕೈಖರ್ಚಿಗೆ ಒಂದಿಷ್ಟು.
ಕರೆಂಟು ಬಂದು ಹೋಗುವ ಹೆರಿಗೆ ವಾರ್ಡು,
ನಮ್ಮ ಗೋಣಿಕೊಪ್ಪದ್ದೇನು ಬೇರೆಯೇ ಎಂದು ನಕ್ಕೆ.
ಯಾವ ಯಾವ ಭಾಷೆ ಬಲ್ಲಿರಿ? ಅದಕ್ಕೆ ಮಾತ್ರ ಥಟ್ಟನೆ ಉತ್ತರ:
ಕನ್ನಡ, ಕೊಡವ ತಕ್ಕ್, ಮಲಯಾಳ,
ಸ್ವಲ್ಪ ಯರವ, ಆಸ್ಪತ್ರೆಯ ಇಂಗ್ಲಿಷು.
'ಇನ್ನೊಂದು ಸಲ ಮುಕ್ಕಮ್ಮಾ, ತಲೆ ಕಾಣ್ತಿದೆ' ಎಂದು
ಐದರಲ್ಲೂ ಹೇಳಬಲ್ಲೆ. ಬೈಯಲು ಮೂರರಲ್ಲಿ.

ಅಟ್ಟದ ಮೇಲೆ ತಾತನ ಕರಿ ಟ್ರಂಕು,
ಬಿಳಿ ಬಣ್ಣದಲ್ಲಿ ಹೆಸರು, ನಂಬರು, ಮೂಲೆಗೆ ತುಕ್ಕು.
ಅರವತ್ತೊಂದರಲ್ಲಿ ಕಾಂಗೋಗೆ ಹೊರಟವನು,
ತಲೆಗೆ ನೀಲಿ ಟೋಪಿ, ಹೆಗಲಿಗೆ ಕೋವಿ.
ಯಾಕೆಂದು ಯಾರೂ ಕೇಳಲಿಲ್ಲವಂತೆ.
ಕೋಳಿ ಕೊಯ್ದರು, ಕೈಮಡದಲ್ಲಿ ದೀಪ ಹಚ್ಚಿ ಕಳಿಸಿದರು.
ನಮ್ಮಲ್ಲಿ ಸರ್ವಿಸ್ ಎಂದರೆ ಅದು.
ಅದೇ ಖಂಡಕ್ಕೆ ಹೊಕ್ಕುಳುಬಳ್ಳಿಯ ಕತ್ತರಿ ಹಿಡಿದು
ಮೊಮ್ಮಗಳು ಹೊರಟರೆ ಮೊದಲ ಪ್ರಶ್ನೆ: ಸಂಬಳ ಎಷ್ಟು?
ಎರಡನೆಯದು, ದನಿ ತಗ್ಗಿಸಿ: ಮನೇಲಿ ಏನಾದ್ರೂ ಜಗಳವಾ?

ಜಗಳವಿಲ್ಲ. ಪೂಣಚ್ಚ ಕಣದಲ್ಲಿ ಕಾಫಿ ಹರವುತ್ತ
'ಹೋಗಬೇಕೂಂದ್ರೆ ಹೋಗು' ಅಂದ. ಆಮೇಲೆ ಅರ್ಧ ದಿನ
ಅದೇ ಕಾಫಿಯನ್ನು ಅದೇ ಜಾಗದಲ್ಲಿ
ಮತ್ತೆ ಮತ್ತೆ ಎಳೆಯುತ್ತಿದ್ದ.
ಮಗಳು ಕೇಳಿದ್ದು, ಅಲ್ಲಿ ವಾಟ್ಸಾಪು ಉಂಟಾ.

ನಲವತ್ತಮೂರು ನನಗೆ. ಮದ್ದುಸೊಪ್ಪು ನೆನಪಾಗುತ್ತದೆ:
ಕಕ್ಕಡ ಹುಟ್ಟಿದಂದಿನಿಂದ ದಿನಕ್ಕೊಂದು ಮದ್ದು ಸೇರುತ್ತ
ಹದಿನೆಂಟಕ್ಕೆ ಊರೆಲ್ಲ ಘಮ, ಪಾಯಸ ನೇರಳೆ.
ಹತ್ತೊಂಬತ್ತಕ್ಕೂ ಅದೇ ಗಿಡ, ಅದೇ ಬೇಲಿ,
ಯಾರೂ ಕೀಳುವುದಿಲ್ಲ.
ನನ್ನ ಈ ಕೈಗಳಿಗೆ ಇದು ಎಷ್ಟನೇ ದಿನ?

ಆನೆಚೌಕೂರಿನ ಗೇಟಿನಾಚೆ ಒಂದು ನಡುರಾತ್ರಿ,
ಮೈಸೂರಿಗೆ ಒಯ್ಯುತ್ತಿದ್ದ ಬಸುರಿ, ರಸ್ತೆಗಡ್ಡ ಒಂಟಿಸಲಗ.
ಮೊಯ್ದು ಆಂಬುಲೆನ್ಸಿನ ದೀಪವೆಲ್ಲ ಆರಿಸಿದ.
ಮೊಬೈಲಿನ ಬೆಳಕಿಗೆ ಮಗು ಬಂತು,
ಅಳಬಾರದ ಹೊತ್ತಲ್ಲಿ ಗಟ್ಟಿಯಾಗಿ ಅತ್ತಿತು.
ಸಲಗ ಕಿವಿ ಬೀಸಿ ಕಾಡಿಗಿಳಿಯಿತು.
'ಮುನ್ನೂರು ಪದಕ್ಕೆ ಇದನ್ನೇ ಬರೀರಿ ಸಿಸ್ಟರ್,
ಕೊಟ್ಟೇ ಕೊಡ್ತಾರೆ' ಎಂದ ಮೊಯ್ದು ಮೊನ್ನೆ,
'ಸಾಕ್ಷಿಗೆ ಮಾತ್ರ ನಾನು ಸೈ ಹಾಕಲ್ಲ.'

ನಿಜ ಹೇಳಲೇ? ಒಳ್ಳೆಯವಳಾಗುವ ಆಸೆಯಲ್ಲ.
ಯಾವ ಮನೆಯವಳು, ಯಾರ ಸೊಸೆ ಎಂದು
ಒಬ್ಬರೂ ಕೇಳದ ಊರಲ್ಲಿ ಬೆಳಗ್ಗೆ ಎದ್ದು
ಉಪಯೋಗಕ್ಕೆ ಬರಬೇಕು. ಅಷ್ಟೇ.
ಇದಕ್ಕೆ ಸೇವೆ ಎನ್ನಲೋ, ಹಸಿವು ಎನ್ನಲೋ?

ನಿನ್ನೆ ಮಂಗಳವಾರ. ತಿತಿಮತಿಯಾಚೆಯ ಹಾಡಿಗೆ
ತೂಕದ ತಕ್ಕಡಿ, ಕಬ್ಬಿಣದ ಮಾತ್ರೆ ಹೊತ್ತು ಎಂದಿನಂತೆ.
ಚಾತೆಗೆ ಏಳು ತಿಂಗಳು. ಮೊದಲನೆಯದು ನನ್ನ ಕೈಯಲ್ಲೇ ಹುಟ್ಟಿ
ನಾಯಿಮರಿ ಎಳೆದುಕೊಂಡು ಅಂಗಳ ಸುತ್ತುತ್ತಿತ್ತು.
ಅವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದೆ.
ಒಳಗಿನದು ಒದೆಯಿತು. ಅವಳು ತುಂಬ ಹೊತ್ತು ಯೋಚಿಸಿದಳು.
'ಅಲ್ಲೂ ಹೆರ್ತಾರಾ?'
'ಹೆರ್ತಾರೆ.'
'ರಾತ್ರೀಲಾ?'
'ಹೆಚ್ಚಾಗಿ ರಾತ್ರೀಲೇ.'
'ಹಂಗಾದ್ರೆ ಹೋಗು.
ಮಂಗಳವಾರಕ್ಕೆ ಯಾರು ಅಂತ ಹೇಳಿ ಹೋಗು.'

ಹನ್ನೊಂದು ಪುಟದ ಅರ್ಜಿ. ರಕ್ತದ ಗುಂಪಿಗೆ,
ಹಲ್ಲಿನ ರೋಗಕ್ಕೆ, ಸತ್ತರೆ ಯಾರಿಗೆ ತಿಳಿಸಬೇಕು
ಎಂಬುದಕ್ಕೂ ಖಾಲಿ ಗೆರೆಯುಂಟು.
ಚಾತೆಯ ಮಾತಿಗಿಲ್ಲ.

ಶುಕ್ರವಾರ ಕೊನೆಯ ದಿನ. ಇವತ್ತು ಬುಧವಾರ.
ಪೊನ್ನಂಪೇಟೆಗೆ ಹೊಸದಾಗಿ ಬಂದ ನರ್ಸು
ವೀಣಾಕ್ಷಿಗೆ ಫೋನು ಹಚ್ಚಿದೆ.
'ಕಾಡುದಾರಿ ನಡೀತೀಯಾ? ಜಿಗಣೆಗೆ ಹೆದರ್ತೀಯಾ?'
ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
'ಯಾಕೆ ಅಕ್ಕಾ?' ಅಂದಳು.